ಯುಎಸ್‌ಬಿ ಇಲ್ಲದೆ ಯಾಕೆ ಬಿಟ್ಟಿರಿ?

“ಪೆನ್ ಡ್ರೈವ್ ಚುಚ್ಚಿದರೆ ಕಾಣಲ್ಲ, ವೆಬ್‌ಕ್ಯಾಮ್ ಬರಲ್ಲ, ಪ್ರಿಂಟರ್ ಸಿಗಲ್ಲ. ಇಂಥ ಅರ್ಧಂಬರ್ಧ ಸಾಫ್ಟ್‌ವೇರನ್ನು ಯಾಕೆ ಬಿಟ್ಟಿರಿ? ಎಲ್ಲಾ ಮುಗಿಸಿ ಬಿಡೋಕೆ ಏನಾಗಿತ್ತು?”

ನಾನು ವರ್ಚುಯಲ್ ಮೆಷಿನ್ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ತಂಡದಲ್ಲಿದ್ದೇನೆ. ಈ ಪ್ರಶ್ನೆಯನ್ನು ಫೋನಿನಲ್ಲಿ, ಮೇಲ್‌ನಲ್ಲಿ, ಮುಖಾಮುಖಿಯಾಗಿ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಮೊದಲು ನಿಧಾನವಾಗಿ, ನಗುನಗುತ್ತಾ ವಿವರಿಸುತ್ತಿದ್ದೆ. ಈಗ ಆ ತಾಳ್ಮೆ ಇಲ್ಲ. ಅದಕ್ಕೇ ಒಂದೇ ಸಲ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಚುಟುಕಾಗಿ ಹೇಳಬೇಕೆಂದರೆ: ಹೌದು, ಎಲ್ಲಾ ಸಾಧನಗಳಿಗೂ ಸಪೋರ್ಟ್ ಇಲ್ಲದೆ ಬಿಡಬಹುದು. ಬಿಡಲೇಬೇಕು. ಆದರೆ ಕಮ್ಮಿ ಇರೋದು ಬೇರೆ, ಅರ್ಧ ಇರೋದು ಬೇರೆ. ಐದು ಸಾಧನ ಕೊಟ್ಟು ಐದೂ ಸರಿಯಾಗಿ ಓಡಿದರೆ ಅದು ಕಮ್ಮಿ. ಹತ್ತು ಸಾಧನ ಕೊಟ್ಟು ಅದರಲ್ಲಿ ಐದು ಯಾವಾಗ ಕೈ ಕೊಡುತ್ತವೋ ಗೊತ್ತಿಲ್ಲದಿದ್ದರೆ ಅದು ಅರ್ಧ. ಜನ ಎರಡನ್ನೂ ಸೇರಿಸಿ ‘ಅರ್ಧಂಬರ್ಧ’ ಅಂದುಬಿಡುತ್ತಾರೆ. ನನಗೆ ಸಿಟ್ಟು ಬರುವುದೇ ಅಲ್ಲಿ.

‘ಎಲ್ಲಾ ಮುಗಿಸಿ’ ಎನ್ನುವ ಮಾತನ್ನು ಮೊದಲು ನೋಡೋಣ. ವರ್ಚುಯಲ್ ಮೆಷಿನ್ ಅಂದರೆ ಕಂಪ್ಯೂಟರಿನ ಒಳಗೆ ಓಡುವ ಇನ್ನೊಂದು ಕಂಪ್ಯೂಟರ್. ಹೊರಗಿನದಕ್ಕೆ ಹೋಸ್ಟ್ ಅಂತಾರೆ, ಒಳಗಿನದಕ್ಕೆ ಗೆಸ್ಟ್. ಪ್ರೊಸೆಸರ್ ವಿಷಯದಲ್ಲಿ ನಮಗೆ ಹಾರ್ಡ್‌ವೇರೇ ಸಹಾಯಕ್ಕೆ ಬರುತ್ತದೆ. 2005ರಲ್ಲಿ ಇಂಟೆಲ್, 2006ರಲ್ಲಿ ಎಎಮ್‌ಡಿ ತಮ್ಮ ಚಿಪ್‌ಗಳಲ್ಲೇ ಇದಕ್ಕೆ ಬೇಕಾದ್ದನ್ನು ಸೇರಿಸಿದವು. ಅಲ್ಲಿಂದೀಚೆಗೆ ಗೆಸ್ಟ್‌ನ ಕೋಡ್ ಬಹುಮಟ್ಟಿಗೆ ನೇರವಾಗಿ ಅಸಲಿ ಪ್ರೊಸೆಸರ್ ಮೇಲೇ ಓಡುತ್ತದೆ. ಸಾಧನಗಳ ಕಥೆ ಹಾಗಲ್ಲ. ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಸೌಂಡ್ ಕಾರ್ಡ್, ಯುಎಸ್‌ಬಿ ಕಂಟ್ರೋಲರ್, ಗಡಿಯಾರ, ಕೀಬೋರ್ಡ್, ಪ್ರತಿಯೊಂದನ್ನೂ ಯಾರಾದರೂ ಕೂತು ಬರೆಯಬೇಕು. ಗೆಸ್ಟ್‌ನಲ್ಲಿರುವ ಡ್ರೈವರ್ (ಸಾಧನವನ್ನು ನಡೆಸುವ ಪ್ರೋಗ್ರಾಂ) ಚಿಪ್‌ನ ಒಂದು ರಿಜಿಸ್ಟರಿಗೆ, ಅಂದರೆ ಆದೇಶ ಇಡುವ ಪುಟ್ಟ ಜಾಗಕ್ಕೆ, ಏನೋ ಬರೆಯುತ್ತದೆ, ಅಸಲಿ ಚಿಪ್ ಆಗ ಏನು ಮಾಡುತ್ತಿತ್ತೋ ಅದನ್ನೇ ನಮ್ಮ ಕೋಡ್ ಮಾಡಿ ತೋರಿಸಬೇಕು, ಆ ಚಿಪ್‌ನ ತಪ್ಪುಗಳನ್ನೂ ಸೇರಿಸಿ, ಯಾಕೆಂದರೆ ಹಳೆಯ ಡ್ರೈವರ್‌ಗಳು ಆ ತಪ್ಪುಗಳನ್ನೇ ನಂಬಿಕೊಂಡಿರುತ್ತವೆ. ಜಗತ್ತಿನಲ್ಲಿ ಎಷ್ಟು ಬಗೆಯ ಸಾಧನಗಳಿವೆ? ನಾಳೆ ಇನ್ನೆಷ್ಟು ಬರುತ್ತವೆ? ಎಲ್ಲಾ ಮುಗಿಯುವ ದಿನ ಅಂತ ಒಂದು ಇಲ್ಲವೇ ಇಲ್ಲ.

ದೊಡ್ಡವರೂ ಕಾಯಲಿಲ್ಲ. ಮೈಕ್ರೋಸಾಫ್ಟ್‌ನ ವರ್ಚುಯಲ್ ಮೆಷಿನ್ ಸಾಫ್ಟ್‌ವೇರ್ ಹೈಪರ್-ವಿ 2008ರಲ್ಲಿ ಬಂತು. ಹೋಸ್ಟ್‌ಗೆ ಚುಚ್ಚಿದ ಯುಎಸ್‌ಬಿ ಸಾಧನವನ್ನು ನೇರವಾಗಿ ಗೆಸ್ಟ್‌ಗೆ ಕೊಡುವ ದಾರಿ ಅದರಲ್ಲಿರಲಿಲ್ಲ. ಆದರೂ ಜನ ಅದನ್ನು ಸರ್ವರ್‌ಗಳಲ್ಲಿ ಬಳಸಿದರು. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ವರ್ಚುಯಲ್‌ಬಾಕ್ಸ್‌ನಲ್ಲಿ 2010ರ 4.0 ಆವೃತ್ತಿಯಿಂದ ಯುಎಸ್‌ಬಿ 2.0 ಬೇಕಿದ್ದರೆ ಬೇರೆಯಾಗಿ ಎಕ್ಸ್‌ಟೆನ್ಶನ್ ಪ್ಯಾಕ್ ಹಾಕಿಕೊಳ್ಳಬೇಕಿತ್ತು. ಅದು ಮೂಲ ಪ್ಯಾಕೇಜಿಗೇ ಸೇರಿದ್ದು 2022ರಲ್ಲಿ, 7.0 ಆವೃತ್ತಿಯಲ್ಲಿ. ಅಷ್ಟು ವರ್ಷ ಜನ ಅದನ್ನು ಬಳಸುತ್ತಲೇ ಇದ್ದರು. ಕಲಿತರು, ಕಲಿಸಿದರು, ಅದರ ಮೇಲೆ ತಮ್ಮ ಕೆಲಸ ಕಟ್ಟಿಕೊಂಡರು. ಯುಎಸ್‌ಬಿ ಮುಗಿಯುವವರೆಗೆ ಬಾಗಿಲು ಹಾಕಿಕೊಂಡು ಕೂತಿದ್ದರೆ ಯಾರಿಗೆ ಲಾಭವಾಗುತ್ತಿತ್ತು ಹೇಳಿ.

ಕಮ್ಮಿ ಇಡುವುದೇ ಗುರಿಯಾದ ಉದಾಹರಣೆಯೂ ಇದೆ. ಅಮೆಜಾನ್ 2018ರಲ್ಲಿ ಫೈರ್‌ಕ್ರ್ಯಾಕರ್ ಅನ್ನುವ ವರ್ಚುಯಲ್ ಮೆಷಿನ್ ಸಾಫ್ಟ್‌ವೇರನ್ನು ಬಿಟ್ಟಿತು. ಅದರೊಳಗೆ ನೆಟ್‌ವರ್ಕ್, ಡಿಸ್ಕ್, ಸೀರಿಯಲ್ ಕನ್ಸೋಲ್, ಹೀಗೆ ಬೆರಳೆಣಿಕೆಯ ಸಾಧನಗಳು ಅಷ್ಟೇ. ಕೀಬೋರ್ಡ್ ಕಂಟ್ರೋಲರ್ ಒಂದಿದೆ, ಆದರೆ ಮೆಷಿನ್ ನಿಲ್ಲಿಸುವುದಕ್ಕೆ ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ನನಗೆ ಆ ಕೀಬೋರ್ಡ್ ಬಗ್ಗೆ ಓದಿದಾಗಲೆಲ್ಲಾ ಖುಷಿಯಾಗುತ್ತದೆ. ಅದನ್ನು ಬರೆದವರಿಗೆ ತಮಗೆ ಏನು ಬೇಡ ಅನ್ನೋದು ಎಷ್ಟು ಸ್ಪಷ್ಟವಾಗಿ ಗೊತ್ತಿತ್ತು ನೋಡಿ! ಯುಎಸ್‌ಬಿ ಇಲ್ಲ, ಸೌಂಡ್ ಇಲ್ಲ, ಗ್ರಾಫಿಕ್ಸ್ ಇಲ್ಲ. ಆದರೂ ಗ್ರಾಹಕರ ಕೋಡನ್ನು ತನ್ನ ಸರ್ವರ್‌ಗಳಲ್ಲಿ ಓಡಿಸಿಕೊಡುವ ಅಮೆಜಾನ್‌ನ ಲ್ಯಾಂಬ್ಡಾ ಸೇವೆ ಅದರ ಮೇಲೆಯೇ ಓಡುತ್ತದೆ.

ಜಾಸ್ತಿ ಸಾಧನ ಇಟ್ಟರೆ ಒಳ್ಳೆಯದೇ ಅಲ್ವಾ ಅನ್ನುವವರಿಗೆ ವೆನಮ್ ಅನ್ನುವ ಭದ್ರತಾ ದೋಷದ ಕಥೆ ಹೇಳಬೇಕು. ಕ್ಯೂಎಮು ಅನ್ನುವ ಎಮ್ಯುಲೇಟರ್‌ನಲ್ಲಿ (ಹಾರ್ಡ್‌ವೇರನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಪ್ರೋಗ್ರಾಂ) ಫ್ಲಾಪಿ ಡ್ರೈವ್‌ನ ಕೋಡ್ ಒಂದಿತ್ತು. ಅದರಲ್ಲಿ 2004ರಿಂದ ಒಂದು ದೋಷ ಕೂತಿತ್ತು. ಅದು ಹೊರಬಿದ್ದಿದ್ದು 2015ರ ಮೇ ತಿಂಗಳಲ್ಲಿ. ಗೆಸ್ಟ್‌ನೊಳಗೆ ಅಧಿಕಾರ ಇದ್ದವನು ಆ ದೋಷ ಹಿಡಿದು ಹೋಸ್ಟ್‌ಗೇ ನುಗ್ಗುವ ಸಾಧ್ಯತೆ ಇತ್ತು. ಕ್ಸೆನ್, ಕೆವಿಎಂ, ವರ್ಚುಯಲ್‌ಬಾಕ್ಸ್, ಹೀಗೆ ಆ ಕೋಡ್ ತೆಗೆದುಕೊಂಡಿದ್ದ ವರ್ಚುಯಲ್ ಮೆಷಿನ್ ಸಾಫ್ಟ್‌ವೇರ್‌ಗಳಿಗೆ ಅದು ತಗುಲಿತು. 2015ರಲ್ಲಿ ಫ್ಲಾಪಿ ಯಾರಿಗೆ ಬೇಕಿತ್ತು? ಯಾರಿಗೂ ಬೇಡದ ಸಾಧನ, ಯಾರೂ ತಿರುಗಿ ನೋಡದ ಕೋಡ್, 11 ವರ್ಷ. ಇನ್ನೂ ಬೇಜಾರಿನ ಸಂಗತಿ ಅಂದರೆ, ಕ್ಸೆನ್ ಮತ್ತು ಕ್ಯೂಎಮುನಲ್ಲಿ ಫ್ಲಾಪಿ ಬೇಡ ಅಂತ ಸೆಟ್ಟಿಂಗ್‌ನಲ್ಲಿ ತೆಗೆದು ಹಾಕಿದ್ದರೂ ಬೇರೊಂದು ದೋಷದಿಂದಾಗಿ ಆ ಕೋಡ್ ಜೀವಂತವಾಗಿಯೇ ಇರುತ್ತಿತ್ತು. ನಾವು ಸೇರಿಸುವ ಪ್ರತಿ ಸಾಧನವೂ ಗೋಡೆಗೆ ಕೊರೆಯುವ ಇನ್ನೊಂದು ಕಿಂಡಿ. ಸುಮ್ನೆ ಪಟ್ಟಿ ಉದ್ದ ಕಾಣಲಿ ಅಂತ ಕಿಂಡಿ ಕೊರೆಯಲು ನನಗೆ ಮನಸ್ಸಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಫೋನ್ ಕರೆ ನನ್ನ ತಲೆಯಿಂದ ಹೋಗಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಆಗ ನಮ್ಮ ಹೊಸ ಆವೃತ್ತಿ ಬಿಟ್ಟು ಕೆಲವು ವಾರ ಆಗಿತ್ತು. ಅದರ ವಿವರದಲ್ಲಿ ‘ಯುಎಸ್‌ಬಿ’ ಅಂತ ಬರೆದು ಮುಂದೆ ಹಸಿರು ಟಿಕ್ ಹಾಕಿದ್ದೆವು. ಪೆನ್ ಡ್ರೈವ್ ಓಡುತ್ತಿತ್ತು, ಕೀಬೋರ್ಡ್ ಮೌಸ್ ಓಡುತ್ತಿದ್ದವು, ಒಂದೆರಡು ಪ್ರಿಂಟರ್ ಕೂಡ. ಆಯ್ತು ಅಂದುಕೊಂಡೆವು. ಫೋನ್ ಮಾಡಿದವರ ಬಳಿ ಒಂದು ಯಂತ್ರ ಇತ್ತು. ಅದರ ಕಂಟ್ರೋಲ್ ಬೋರ್ಡ್‌ಗೆ ಹೊಸ ಫರ್ಮ್‌ವೇರ್ (ಬೋರ್ಡ್‌ನೊಳಗೇ ಕೂತು ಅದನ್ನು ನಡೆಸುವ ಪ್ರೋಗ್ರಾಂ) ಹಾಕಬೇಕಿತ್ತು. ಅದಕ್ಕೆ ಬೇಕಾದ ಪ್ರೋಗ್ರಾಂ ಹಳೆಯ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಅದಕ್ಕಾಗಿಯೇ ಅವರು ನಮ್ಮ ವರ್ಚುಯಲ್ ಮೆಷಿನ್ ಹಾಕಿಕೊಂಡಿದ್ದರು. ಬೋರ್ಡನ್ನು ಚುಚ್ಚಿದರು. ಗೆಸ್ಟ್‌ನಲ್ಲಿ ಕಾಣಿಸಿತು. ‘ಅಪ್‌ಡೇಟ್’ ಒತ್ತಿದರು.

ಇಲ್ಲಿ ಏನಾಯಿತು ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಯುಎಸ್‌ಬಿ ಸಾಧನ ಚುಚ್ಚಿದ ಕೂಡಲೇ ತನ್ನ ಗುರುತು ಹೇಳುತ್ತದೆ, ತಯಾರಕರ ಸಂಖ್ಯೆ ಒಂದು, ಮಾದರಿಯ ಸಂಖ್ಯೆ ಒಂದು. ನಾವು ಆ ಎರಡು ಸಂಖ್ಯೆ ನೋಡಿ ಸಾಧನವನ್ನು ಹೋಸ್ಟ್‌ನಿಂದ ಬಿಡಿಸಿ ಗೆಸ್ಟ್‌ಗೆ ಕೊಡುತ್ತಿದ್ದೆವು. ಅವರ ಬೋರ್ಡ್ ಮೊದಲು ಹಳೆಯ ಫರ್ಮ್‌ವೇರ್ ಅಳಿಸುತ್ತಿತ್ತು. ಆಮೇಲೆ ತಾನೇ ಒಮ್ಮೆ ಕಳಚಿಕೊಂಡು, ಅಪ್‌ಡೇಟ್ ಮೋಡ್‌ನಲ್ಲಿ ಮತ್ತೆ ಬರುತ್ತಿತ್ತು. ಹಾಗೆ ಬಂದಾಗ ಅದರ ಮಾದರಿ ಸಂಖ್ಯೆ ಬೇರೆ. ನಮ್ಮ ಕೋಡ್‌ಗೆ ಅದು ಹೊಸ ಸಾಧನ. ಗುರುತಿಲ್ಲದ ಸಾಧನ ಅಂತ ಹೋಸ್ಟ್‌ಗೇ ಬಿಟ್ಟುಬಿಟ್ಟಿತು. ಗೆಸ್ಟ್‌ನೊಳಗಿನ ಪ್ರೋಗ್ರಾಂ ಕಾಯುತ್ತಾ ನಿಂತಿತು. ಹಳೆಯ ಫರ್ಮ್‌ವೇರ್ ಹೋಗಿತ್ತು, ಹೊಸದು ಬಂದಿರಲಿಲ್ಲ. ಯಂತ್ರ ಸತ್ತ ಹಾಗೆ ಕೂತಿತು.

ಮೂರು ದಿನ ಆದ ಮೇಲೆ ಅವರಿಗೆ ಎಲ್ಲೋ ಒಂದು ಹಳೆಯ ಲ್ಯಾಪ್‌ಟಾಪ್ ಸಿಕ್ಕಿ ಬೋರ್ಡ್ ಎದ್ದಿತು. ಫೋನ್ ಮಾಡಿದಾಗ ಅವರು ಕೂಗಾಡಲಿಲ್ಲ. “ಸರ್, ಇದು ಆಗಲ್ಲ ಅಂತ ಬರೆದಿದ್ದರೆ ನಾನು ಮೊದಲೇ ಬೇರೆ ದಾರಿ ನೋಡುತ್ತಿದ್ದೆ. ನೀವು ಟಿಕ್ ಹಾಕಿದ್ದಿರಿ” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ.

ಆ ಆವೃತ್ತಿಯಲ್ಲಿ ಯುಎಸ್‌ಬಿ ಒಂಚೂರೂ ಇಲ್ಲದೇ ಇದ್ದಿದ್ದರೆ ಅವರಿಗೆ ಆ ಮೂರು ದಿನ ಉಳಿಯುತ್ತಿತ್ತು. ಕಮ್ಮಿ ಕೊಟ್ಟು ನಾವು ಯಾರಿಗೂ ನೋವು ಮಾಡಿಲ್ಲ. ನೋವು ಮಾಡಿದ್ದು ಅರ್ಧ ಕೊಟ್ಟು, ಪೂರ್ತಿ ಅಂದಾಗ.

ಹಾಗಾಗಿ ಯಾರಾದರೂ “ಯುಎಸ್‌ಬಿ ಸಪೋರ್ಟ್ ಇದೆಯಾ” ಅಂದರೆ ಈಗ ನಾನು ತಿರುಗಿ ಕೇಳುತ್ತೇನೆ: ಯಾವ ಸಾಧನ? ಏನು ಮಾಡಲು? ಪೆನ್ ಡ್ರೈವ್‌ಗೆ ಅವಸರವಿಲ್ಲ. ಒಂದು ತುಂಡು ತಡವಾಗಿ ಬಂದರೂ ಕಾಯುತ್ತದೆ, ತಪ್ಪಾದರೆ ಮತ್ತೆ ಕಳಿಸುತ್ತದೆ. ವೆಬ್‌ಕ್ಯಾಮ್ ಹಾಗಲ್ಲ. ಹೈ ಸ್ಪೀಡ್ ಯುಎಸ್‌ಬಿಯಲ್ಲಿ ಸಮಯವನ್ನು 125 ಮೈಕ್ರೋಸೆಕೆಂಡಿನ ತುಣುಕುಗಳಾಗಿ ಕತ್ತರಿಸಿರುತ್ತಾರೆ. ಸಾಮಾನ್ಯವಾಗಿ ಕ್ಯಾಮೆರಾ ತನ್ನ ಪಾಲಿನ ತುಣುಕು ಬಂದಾಗ ಡೇಟಾ ಕಳಿಸಿ ಮುಂದಕ್ಕೆ ಹೋಗುತ್ತದೆ. ಆ ಹೊತ್ತಿಗೆ ತೆಗೆದುಕೊಳ್ಳದಿದ್ದರೆ ಅದು ಹೋಯಿತು, ಮತ್ತೆ ಬರಲ್ಲ. ಹೋಸ್ಟ್ ಬೇರೆ ಕೆಲಸದಲ್ಲಿದ್ದು ಗೆಸ್ಟ್ ಸ್ವಲ್ಪ ಹಿಂದೆ ಬಿದ್ದರೆ ಸಾಕು, ಚಿತ್ರ ಹರಿದು ಚೂರಾಗುತ್ತದೆ. ಎರಡಕ್ಕೂ ಒಂದೇ ತೂತು, ಒಂದೇ ಕೇಬಲ್, ಒಂದೇ ಹೆಸರು. ಕೆಲಸ ಮಾತ್ರ ಅಜಗಜಾಂತರ. ಒಂದು ಟಿಕ್‌ನಲ್ಲಿ ಇವೆರಡನ್ನೂ ಹೇಗೆ ತುಂಬುವುದು?

ಎಷ್ಟೋ ಸಲ ಸಾಧನವೇ ಬೇಕಿರಲ್ಲ. ಪೆನ್ ಡ್ರೈವ್ ಕೇಳಿದವರಿಗೆ ಬೇಕಿದ್ದದ್ದು ಅದರಲ್ಲಿರುವ ಫೈಲ್. ಹೋಸ್ಟ್ ಮತ್ತು ಗೆಸ್ಟ್ ನಡುವೆ ಒಂದು ಫೋಲ್ಡರ್ ಹಂಚಿಕೊಂಡರೆ ಮುಗಿಯಿತು. ಪ್ರಿಂಟರ್ ನೆಟ್‌ವರ್ಕ್‌ನಲ್ಲೇ ಸಿಗುತ್ತದೆ. ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2 ಕೂಡ 2020ರಲ್ಲಿ ಯುಎಸ್‌ಬಿ ಇಲ್ಲದೆಯೇ ಬಂತು. ಮರುವರ್ಷ ಯುಎಸ್‌ಬಿಯನ್ನು ನೆಟ್‌ವರ್ಕ್ ಮೂಲಕ ಸಾಗಿಸುವ ದಾರಿ ಹಿಡಿದು ಅದನ್ನು ಒದಗಿಸಿದರು. ಸುತ್ತು ದಾರಿ ಅಂತ ಯಾರೂ ನಾಚಿಕೊಳ್ಳಬೇಕಿಲ್ಲ, ತಲುಪಿದರೆ ಸಾಕು.

ಆದರೆ ಸಾಧನವೇ ಪ್ರಾಣ ಆಗಿರುವವರೂ ಇದ್ದಾರೆ. ಹಳೆಯ ಮೈಕ್ರೋಸ್ಕೋಪ್, ಹಳೆಯ ಅಳತೆ ಉಪಕರಣ. ಡ್ರೈವರ್ ವಿಂಡೋಸ್ ಎಕ್ಸ್‌ಪಿಗೆ ಮಾತ್ರ ಇದೆ, ಮಾಡಿದ ಕಂಪನಿ ಮುಚ್ಚಿ ಹೋಗಿದೆ, ಉಪಕರಣ ಇನ್ನೂ ಗಟ್ಟಿಯಾಗಿದೆ. ಅವರು ವರ್ಚುಯಲ್ ಮೆಷಿನ್ ಹಾಕಿಕೊಳ್ಳುವುದೇ ಅದಕ್ಕಾಗಿ. ಅವರಿಗೆ ‘ಉಳಿದದ್ದೆಲ್ಲಾ ಚೆನ್ನಾಗಿದೆ’ ಅನ್ನುವುದು ಉತ್ತರವಲ್ಲ. ಅವರ ಮುಂದೆ ನಾನು ವಾದ ಮಾಡುವುದಿಲ್ಲ. ಇನ್‌ಸ್ಟಾಲ್ ಮಾಡುವ ಮೊದಲೇ ಅವರಿಗೆ ಸತ್ಯ ಗೊತ್ತಾಗಬೇಕು. ಅಷ್ಟನ್ನಾದರೂ ನಾವು ಅವರಿಗೆ ಮಾಡಲೇಬೇಕು.

ನಿಜ ಹೇಳಬೇಕೆಂದರೆ, ಇಷ್ಟು ವರ್ಷದಲ್ಲಿ ಯಾರಾದರೂ ಒಬ್ಬರು ನನ್ನನ್ನು ಬೇರೆ ಪ್ರಶ್ನೆ ಕೇಳಲಿ ಅಂತ ಕಾಯುತ್ತಿದ್ದೇನೆ. “ಈಗ ಕೊಟ್ಟಿದ್ದೀರಲ್ಲ, ಅದನ್ನು ಎಷ್ಟು ವರ್ಷ ಕಾಪಾಡುತ್ತೀರಿ?” ಇದನ್ನು ಯಾರೂ ಕೇಳಲ್ಲ. ಆದರೆ ನಮ್ಮ ನಿದ್ದೆ ಕೆಡಿಸುವ ಪ್ರಶ್ನೆ ಇದೇ. ಇಂಟೆಲ್ 1996ರಲ್ಲಿ 440ಎಫ್‌ಎಕ್ಸ್ ಅನ್ನುವ ಚಿಪ್‌ಸೆಟ್ (ಪ್ರೊಸೆಸರನ್ನು ಮೆಮೊರಿ ಮತ್ತು ಸಾಧನಗಳಿಗೆ ಜೋಡಿಸುವ ಚಿಪ್‌ಗಳು) ಮಾಡಿತು. ಅಸಲಿ ಚಿಪ್ ಈಗ ಹಳೆಯ ಸಾಮಾನು. ಆದರೆ ಕ್ಯೂಎಮು ಅದನ್ನು ಇವತ್ತಿಗೂ ಗೆಸ್ಟ್‌ಗೆ ತೋರಿಸುತ್ತದೆ, ಅದನ್ನೇ ನಂಬಿ ಕೂತ ಗೆಸ್ಟ್‌ಗಳು ಇನ್ನೂ ಇವೆ. ಆವೃತ್ತಿ ಆವೃತ್ತಿಗೂ ಬೇರೆ ಬೇರೆ ಮೆಷಿನ್ ಮಾದರಿಗಳನ್ನು ಅವರು ಹೆಸರು ಕೊಟ್ಟು ಇಟ್ಟುಕೊಂಡಿರುತ್ತಾರೆ. ನಿಮ್ಮ ಗೆಸ್ಟ್ ಇವತ್ತು ಬೆಳಗ್ಗೆ ಕಂಡ ಹಾರ್ಡ್‌ವೇರ್ ಮುಂದಿನ ಅಪ್‌ಡೇಟ್ ಆದ ಮೇಲೂ ಹಾಗೇ ಕಾಣಬೇಕಲ್ಲ, ಅದಕ್ಕೆ.

ಸ್ನ್ಯಾಪ್‌ಶಾಟ್ ತೆಗೆದುಕೊಂಡಾಗ, ಅಂದರೆ ಓಡುತ್ತಿರುವ ಗೆಸ್ಟನ್ನು ಆ ಕ್ಷಣದಲ್ಲಿ ಇದ್ದ ಹಾಗೇ ಉಳಿಸಿಕೊಂಡಾಗ, ಪ್ರತಿ ಸಾಧನದ ಸ್ಥಿತಿಯೂ ಡಿಸ್ಕ್‌ಗೆ ಹೋಗುತ್ತದೆ. ಎರಡು ವರ್ಷ ಬಿಟ್ಟು ನೀವು ಅದನ್ನು ತೆರೆದಾಗ ನಮ್ಮ ಹೊಸ ಕೋಡ್ ಆ ಹಳೆಯ ಸ್ಥಿತಿಯನ್ನು ಓದಿಕೊಳ್ಳಬೇಕು. ಅವಸರದಲ್ಲಿ ಅರ್ಧ ಬರೆದ ಸಾಧನವೊಂದನ್ನು ಒಮ್ಮೆ ಹೊರಗೆ ಬಿಟ್ಟರೆ ಅದರ ಅರ್ಧ ಸ್ಥಿತಿ ನಿಮ್ಮ ಸಾವಿರಾರು ಫೈಲ್‌ಗಳಲ್ಲಿ ಕೂತುಬಿಡುತ್ತದೆ. ಆಮೇಲೆ ತಿದ್ದೋಣ ಅಂದರೆ ತಿದ್ದುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಇಲ್ಲದ ಸಾಧನವನ್ನು ಮುಂದೆ ಯಾವಾಗ ಬೇಕಾದರೂ ಸೇರಿಸಬಹುದು. ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳೋಕೆ ಆಗಲ್ಲ.

ಆ ಫೋನ್ ಕರೆಯ ನಂತರ ನಾವು ಹಸಿರು ಟಿಕ್‌ಗಳನ್ನು ಪೂರ್ತಿ ತೆಗೆದೆವು. ಈಗ ಡೌನ್‌ಲೋಡ್ ಬಟನ್‌ನ ಮೇಲ್ಗಡೆಯೇ ಎರಡು ಪಟ್ಟಿ ಇವೆ, ಯಾವ ಕೆಲಸ ಆಗುತ್ತದೆ ಅನ್ನೋದು ಮೇಲೆ, ಯಾವುದು ಆಗಲ್ಲ ಅನ್ನೋದು ಕೆಳಗೆ. ಆಗಲ್ಲ ಅನ್ನುವ ಪಟ್ಟಿಯೇ ಉದ್ದ. ಮಧ್ಯದಲ್ಲಿ ತನ್ನ ಗುರುತು ಬದಲಿಸುವ ಸಾಧನಗಳು ತುಂಬಾ ದಿನ ಅದರಲ್ಲೇ ಇದ್ದವು. ಈಗ ನಾವು ಸಂಖ್ಯೆಯ ಬದಲು ಸಾಧನ ಕೂತಿರುವ ಪೋರ್ಟನ್ನು ಹಿಡಿದುಕೊಳ್ಳುತ್ತೇವೆ. ಅದು ಕಳಚಿಕೊಂಡು ಬೇರೆ ಗುರುತಿನಲ್ಲಿ ಬಂದರೂ ಅದೇ ಗೆಸ್ಟ್‌ಗೆ ಹೋಗುತ್ತದೆ. ಹಲವು ಬೋರ್ಡ್‌ಗಳ ಮೇಲೆ ಮತ್ತೆ ಮತ್ತೆ ಓಡಿಸಿ ನೋಡಿದ ಮೇಲೆಯೇ ಆ ಸಾಲನ್ನು ಮೇಲಿನ ಪಟ್ಟಿಗೆ ಹಾಕಿದ್ದು.

ವೆಬ್‌ಕ್ಯಾಮ್ ಬಗ್ಗೆ ಕೇಳುವವರಿಗೆ: ಇನ್ನೂ ಇಲ್ಲ. ಕಳೆದ ವಾರದ ಪರೀಕ್ಷೆಯಲ್ಲಿ 20 ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಹೋಸ್ಟ್‌ನಲ್ಲಿ ಒಂದು ದೊಡ್ಡ ಫೈಲ್ ಕಾಪಿಗೆ ಹಾಕಿದೆವು, ಚಿತ್ರದ ಕೆಳಗಿನ ಅರ್ಧ ಹರಿದುಹೋಯಿತು. ಅದು ಕೆಳಗಿನ ಪಟ್ಟಿಯಲ್ಲೇ ಇದೆ.