ಆಟಕ್ಕೊಂದು ಬೆಲೆ, ಪೆಟ್ಟಿಗೆಗೆ ಇನ್ನೊಂದು

1999ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ‘ಸಿಸ್ಟಮ್ ಶಾಕ್ 2’ ಆಟವನ್ನು ಇಂದು ಯಾರು ಬೇಕಾದರೂ ಕೆಲವು ನೂರು ರೂಪಾಯಿಗಳಿಗೆ ಕಂಪ್ಯೂಟರಿಗೆ ಇಳಿಸಿಕೊಂಡು ಆಡಬಹುದು. ಅದೇ ಆಟದ ಮೂಲ ರಟ್ಟಿನ ಪೆಟ್ಟಿಗೆ, ಸಿಡಿ ಮತ್ತು ಕೈಪಿಡಿ ಸಮೇತ, ವಿದೇಶಿ ಹರಾಜು ತಾಣಗಳಲ್ಲಿ ಅದರ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ನಮ್ಮ ಮನೆಯ ಕಪಾಟಿನಲ್ಲಿ ಆ ಪೆಟ್ಟಿಗೆಯನ್ನು ನೋಡಿದ ಕಲಬುರಗಿಯ ಗೆಳೆಯರು ಇದರಲ್ಲಿ ಅಂಥದ್ದೇನಿದೆ ಎಂದು ಕೇಳುತ್ತಲೇ ಇರುತ್ತಾರೆ.

ಕಥೆ ನಡೆಯುವುದು 2114ರಲ್ಲಿ, ಬೆಳಕಿಗಿಂತ ವೇಗವಾಗಿ ಚಲಿಸಬಲ್ಲ ‘ವಾನ್ ಬ್ರೌನ್’ ಎಂಬ ನೌಕೆಯಲ್ಲಿ. ಪರಕೀಯ ಜೀವಿಗಳ ವಶವಾದ ಸಿಬ್ಬಂದಿ ಕೈಯಲ್ಲಿ ಕಬ್ಬಿಣದ ಕೊಳವೆ ಹಿಡಿದು ನಮ್ಮ ಮೇಲೆರಗುತ್ತಾರೆ. ಹಾಗೆ ಎರಗುವಾಗಲೇ ‘ಓಡು’ ಎಂದೂ ‘ನನ್ನನ್ನು ಕೊಂದುಬಿಡು’ ಎಂದೂ ಗೋಗರೆಯುತ್ತಾರೆ. ಬಳಸಿದಷ್ಟೂ ಸವೆದು, ಬೇಕಾದ ಹೊತ್ತಿಗೆ ಕೈಕೊಡುವ ಬಂದೂಕು ಸಾಲದೆಂಬಂತೆ, ಶೋಡಾನ್ ಎಂಬ ಕೃತಕ ಬುದ್ಧಿಮತ್ತೆ ತುಂಡುತುಂಡಾದ ದನಿಯಲ್ಲಿ ನಮ್ಮನ್ನು ಹುಳುವಿನಂತೆ ಹೀಯಾಳಿಸುತ್ತದೆ. ವಿಮರ್ಶಕರು ಮೆಚ್ಚಿದರೂ ಮಾರಾಟ ಮಾತ್ರ ಕುಂಟಿತು. ಇರ್‍ರ್ಯಾಷನಲ್ ಗೇಮ್ಸ್ ಜೊತೆಗೂಡಿ ಇದನ್ನು ರೂಪಿಸಿದ್ದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ 2000ದ ಮೇ ತಿಂಗಳಲ್ಲಿ ಬಾಗಿಲು ಹಾಕಿತು.

ಸಂಗ್ರಹಕಾರನಿಗೆ ಮುಖ್ಯವಾದ ಕಥೆ ಆರಂಭವಾಗುವುದು ಇಲ್ಲಿಂದಲೇ. ಸಂಸ್ಥೆ ಮುಚ್ಚಿದ ಮೇಲೆ ಹಕ್ಕುಗಳು ಒಂದು ವಿಮಾ ಕಂಪನಿಯ ಪಾಲಾದವು. ಆ ಸರಣಿಯ ಹೆಸರನ್ನು ಬಳಸುವ ಅಧಿಕಾರ ಪ್ರಕಾಶಕರಾಗಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್ ಬಳಿ ಉಳಿದಿತ್ತು. ಹೀಗೆ ಇಬ್ಬರ ನಡುವೆ ಸಿಕ್ಕಿಕೊಂಡ ಆಟವನ್ನು ವರ್ಷಗಟ್ಟಲೆ ಹೊಸದಾಗಿ ಮಾರುವವರೇ ಇರಲಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನು ಆಡಬೇಕೆಂದು ಹುಡುಕಿ, ಎಲ್ಲಿಯೂ ಸಿಗದೆ ಕಡೆಗೆ ಆ ವಿಮಾ ಕಂಪನಿಗೇ ಪತ್ರ ಬರೆದ ಸ್ಟೀಫನ್ ಕಿಕ್ ಅವರ ಪ್ರಯತ್ನದಿಂದ ನೈಟ್‌ಡೈವ್ ಸಂಸ್ಥೆ ಹುಟ್ಟಿಕೊಂಡಿತು, 2013ರ ಫೆಬ್ರವರಿಯಲ್ಲಿ ಆಟ ಜಿಒಜಿ ತಾಣದಲ್ಲಿ ಮರಳಿ ಮಾರಾಟಕ್ಕೆ ಬಂದಿತು. 2025ರ ಜೂನ್‌ನಲ್ಲಿ ಹೊಸ ಮೆರುಗಿನ ಆವೃತ್ತಿಯೂ ಬಂದಿದೆ. ಅಂದರೆ, 2013ರವರೆಗೆ ಹಳೆಯ ಪೆಟ್ಟಿಗೆಗೆ ಹಣ ಕೊಟ್ಟವರು ಬಹುಮಟ್ಟಿಗೆ ಆಡುವ ಅವಕಾಶಕ್ಕೇ ಕೊಟ್ಟರು. ಆಮೇಲೆ ಕೊಟ್ಟವರು ಕೊಂಡದ್ದು ರಟ್ಟು, ಕಾಗದ ಮತ್ತು ಮುದ್ರಣವನ್ನು. ಈ ಎರಡನೆಯ ಬೆಲೆಯೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಅನಿಸಿಕೆ, ಏಕೆಂದರೆ ಅದರಲ್ಲಿ ಯಾರ ಅಸಹಾಯಕತೆಯೂ ಸೇರಿಲ್ಲ.

ಇದಕ್ಕೆ ಎದುರಾಗಿ ‘ಡೆಡ್ ಸ್ಪೇಸ್’ ಆಟವನ್ನು ನೋಡಬಹುದು. 2008ರಲ್ಲಿ ಅದರ ‘ಅಲ್ಟ್ರಾ ಲಿಮಿಟೆಡ್’ ಆವೃತ್ತಿಯನ್ನು ಕೇವಲ 1,000 ಪ್ರತಿಗಳಿಗೆ ಸೀಮಿತಗೊಳಿಸಿ ಹೊರತಂದರು. ಅಂಥ ವಿರಳತೆ ಮೊದಲ ದಿನದಿಂದಲೇ ಲೆಕ್ಕ ಹಾಕಿ ಮಾಡಿದ್ದು. ಕೊಂಡವರಿಗೂ ಅದು ಗೊತ್ತಿರುವುದರಿಂದ ಜೋಪಾನವಾಗಿ ಇಟ್ಟಿರುತ್ತಾರೆ. ‘ಸಿಸ್ಟಮ್ ಶಾಕ್ 2’ರ ಪೆಟ್ಟಿಗೆಯನ್ನಾದರೋ ಆಟ ಹಾಕಿಕೊಂಡ ಮೇಲೆ ಎಷ್ಟೋ ಮಂದಿ ರದ್ದಿಗೆ ಎಸೆದರು, ಉಳಿದದ್ದು ಉಳಿಯಿತು. ನನಗೆ ಬೆಲೆಬಾಳುವುದು ಈ ಉಳಿವೇ.

ಆದರೆ ನಮ್ಮ ಊರಿನಲ್ಲಿ ರಟ್ಟಿನ ಪೆಟ್ಟಿಗೆಯನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ, ಆ ಒಣ ಬಿಸಿಗೆ ಅಂಟು ಗರಿಗಟ್ಟಿ ಮಡಿಕೆಗಳು ಬಿಡುತ್ತವೆ. ಸೆಕೆ ತಡೆಯಲಾರದೆ ಕೂಲರ್ ಹಾಕಿದರೆ ಅದು ಕೋಣೆಯೊಳಗೆ ತೇವವನ್ನೇ ಊದುತ್ತದೆ. ಹಗಲೆಲ್ಲ ತೇವ ಕುಡಿದ ರಟ್ಟು ಕೂಲರ್ ನಿಂತ ಮೇಲೆ ಒಣಗಿ, ದಿನವೂ ಇದೇ ನಡೆದು, ಮುಂಭಾಗ ನಿಧಾನವಾಗಿ ಬಾಗುತ್ತದೆ. ಇನ್ನು ಮೊಹರು ಒಡೆಯದ ಪ್ರತಿಗಳ ಪಾಡು ಬೇರೆಯೇ. ಸುತ್ತಿದ ಪ್ಲಾಸ್ಟಿಕ್ ಹಾಳೆ ವರ್ಷ ಕಳೆದಂತೆ, ಅದರಲ್ಲೂ ಶಾಖಕ್ಕೆ, ಇನ್ನಷ್ಟು ಬಿಗಿದುಕೊಂಡು ಪೆಟ್ಟಿಗೆಯ ಮೂಲೆಗಳನ್ನು ಒಳಕ್ಕೆ ಹಿಂಡುತ್ತದೆ. ಬೆಲೆ ಹೆಚ್ಚಿಸಬೇಕಾದ ಹಾಳೆಯೇ ಸರಕನ್ನು ಕೆಡಿಸುವುದನ್ನು ಕಂಡ ಮೇಲೆ ಮೊಹರಿನ ಪ್ರತಿಗೆ ದುಪ್ಪಟ್ಟು ಹಣ ಸುರಿಯುವ ಆಸೆ ನನಗೆ ಹುಟ್ಟಿಲ್ಲ. (2021ರ ಜುಲೈನಲ್ಲಿ ಮೊಹರು ಒಡೆಯದ ‘ಸೂಪರ್ ಮಾರಿಯೋ 64’ರ ಒಂದು ಪ್ರತಿ 15.6 ಲಕ್ಷ ಡಾಲರಿಗೆ ಹರಾಜಾಯಿತು. ಅದು ಹೂಡಿಕೆದಾರರ ಲೋಕ, ಅದರ ಗಾಳಿ ನಮಗೆ ಬೇಡ.)

ಈ ಪೆಟ್ಟಿಗೆಗಳನ್ನು ಇಲ್ಲಿಯೇ ಹುಡುಕುತ್ತೇನೆನ್ನುವವರಿಗೆ ನಿರಾಸೆ ಖಚಿತ. ಊರಿನ ಹೆಸರು ಇನ್ನೂ ಗುಲ್ಬರ್ಗಾ ಎಂದಿದ್ದ ಆ ಕಾಲದಲ್ಲಿ ನಮ್ಮ ಕೈಗೆ ಬರುತ್ತಿದ್ದುದು ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ನಕಲು ಸಿಡಿಗಳೇ. ಇಂಥ ಆಟಗಳಿಗೆ ಪೆಟ್ಟಿಗೆಯೊಂದು ಇರುತ್ತದೆಂಬುದೇ ಎಷ್ಟೋ ಜನರಿಗೆ ತಿಳಿದಿರಲಿಲ್ಲ. ಹೀಗಾಗಿ ಹೊರದೇಶದಿಂದಲೇ ತರಿಸಬೇಕು, ಆಗ ಅಂಚೆ ವೆಚ್ಚ ಮತ್ತು ಕಸ್ಟಮ್ಸ್ ಸುಂಕ ಸೇರಿ ಹರಾಜಿನ ಬೆಲೆ ಎಲ್ಲಿಂದೆಲ್ಲಿಗೋ ಏರುತ್ತದೆ.

ನಕಲಿಯ ಭಯವೂ ಇದೆ. ಸಂಗ್ರಹಕಾರರ ವಲಯದಲ್ಲೇ ಹಳೆಯ ಪಿಸಿ ಆಟಗಳ ನಕಲಿ ಪ್ರತಿಗಳು ಕೈ ಬದಲಾಯಿಸುತ್ತಿದ್ದುದು 2022ರಲ್ಲಿ ಬಯಲಾಯಿತು. ಮುದ್ರಣಾಲಯದಲ್ಲಿ ಅಚ್ಚಾದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ನಾಲ್ಕು ಬಣ್ಣಗಳ ಚುಕ್ಕೆಗಳು ಹೂವಿನ ದಳಗಳಂತೆ ಕ್ರಮವಾಗಿ ಕೂತಿರುತ್ತವೆ. ಮನೆಯ ಇಂಕ್‌ಜೆಟ್ ಯಂತ್ರದ ಚುಕ್ಕೆಗಳು ಮರಳು ಚೆಲ್ಲಿದ ಹಾಗೆ ಅಡ್ಡಾದಿಡ್ಡಿಯಾಗಿರುತ್ತವೆ. ಮಾರುವವರಿಂದ ಪೆಟ್ಟಿಗೆಯ ಒಂದು ಮೂಲೆಯನ್ನು ತೀರಾ ಹತ್ತಿರದಿಂದ ತೆಗೆದ ಫೋಟೋ ಕೇಳಿದರೆ ಸಾಕು. ಕೊಡಲು ಹಿಂದೇಟು ಹಾಕಿದರೆ ಅಲ್ಲಿಗೆ ವ್ಯವಹಾರ ಮುಗಿಯಿತು.

ನಾನು ಕೊಳ್ಳುವುದು ಮೊಹರು ಒಡೆದ, ಒಳಗಿನದೆಲ್ಲ ಇರುವ ಪ್ರತಿಯನ್ನು. ಮೂಲೆಗಳು ಸವೆದು ಬೆಳ್ಳಗಾಗಿದ್ದರೆ ಅಡ್ಡಿಯಿಲ್ಲ. ಸಿಡಿಯ ಮೇಲೆ ಗೀರುಗಳಿದ್ದರೂ ಚೌಕಾಸಿ ಮಾಡಿ ತೆಗೆದುಕೊಳ್ಳುತ್ತೇನೆ, ಆಡಲು ಹೇಗೂ ಇಳಿಸಿಕೊಂಡ ಪ್ರತಿಯಿದೆ. ಕೈಪಿಡಿ ಇಲ್ಲದ ಪೆಟ್ಟಿಗೆಯನ್ನು ಮಾತ್ರ ಅರ್ಧ ಬೆಲೆಗೆ ಕೊಟ್ಟರೂ ಮುಟ್ಟುವುದಿಲ್ಲ.