ಮೇಜಿನ ಪ್ಲಗ್ ಪಾಯಿಂಟ್: ಗಾಜಿನ ನಾರಿನ ತಟ್ಟೆ ಕೂತಿತು, ಅಂಚು ಬಾಕಿ

ಸದ್ಯದ ಸ್ಥಿತಿ: ಸನ್‌ಮೈಕಾ ಅಂಟಿಸಿದ 18 ಮಿ.ಮೀ. ಪ್ಲೈವುಡ್ ಮೇಜಿನಲ್ಲಿ ಗಂಡಿ ಕೊರೆದಾಗಿದೆ. ಎರಡು 6 ಆಂಪ್ ಸಾಕೆಟ್ ಹಿಡಿಯುವ ತಟ್ಟೆ ಅದರಲ್ಲಿ ಅಲುಗದಂತೆ ಕೂತಿದೆ. ಇದು ಎರಡನೇ ತಟ್ಟೆ. ಮೊದಲನೆಯದು ಸ್ಕ್ರೂ ರಂಧ್ರದ ಸುತ್ತ ಪದರ ಬಿಟ್ಟಿತು.

ತಟ್ಟೆ 3 ಮಿ.ಮೀ. ದಪ್ಪದ ಎಫ್‌ಆರ್-4, ಅಳತೆ 150×90 ಮಿ.ಮೀ. ಸರ್ಕ್ಯೂಟ್ ಬೋರ್ಡಿಗೆ ಬಳಸುವ ಹಾಳೆಯೇ, ತಾಮ್ರವಿಲ್ಲದ್ದು: ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ತೋಯಿಸಿ, ಬಿಸಿಯಲ್ಲಿ ಒತ್ತಿ ಮಾಡಿದ್ದು. ಗಂಡಿ ಕೊರೆಯುವ ಮುನ್ನ ತೂಕ ಸುಮಾರು 75 ಗ್ರಾಂ. ಅಕ್ರಿಲಿಕ್ ಅಗ್ಗ, ನೋಡಲೂ ಚೆಂದ. ಆದರೆ ದಿನವೂ ಪ್ಲಗ್ ಕಿತ್ತು ಹಾಕುವ ಜಾಗದಲ್ಲಿ ಸ್ಕ್ರೂ ರಂಧ್ರದಿಂದಲೇ ಬಿರುಕು ಬಿಡುತ್ತದೆ, ಬೆಂಕಿ ತಗುಲಿದರೆ ಉರಿಯುತ್ತಲೇ ಹೋಗುತ್ತದೆ. ಕರೆಂಟಿನ ಹತ್ತಿರ ಅದು ಬೇಡವೇ ಬೇಡ.

ಅಂದಹಾಗೆ, ಮೇಜಿನ ಮೇಲಿನ ಲ್ಯಾಮಿನೇಟ್ (ಸನ್‌ಮೈಕಾದಂಥ ಹಾಳೆ) ಕೂಡ ಹುಟ್ಟಿದ್ದು ವಿದ್ಯುತ್ ನಿರೋಧಕವಾಗಿಯೇ. ಅಮೆರಿಕದ ವೆಸ್ಟಿಂಗ್‌ಹೌಸ್‌ನಲ್ಲಿದ್ದ ಡೇನಿಯಲ್ ಓ'ಕಾನರ್ ಬೇಕಲೈಟ್ ರಾಳ ಹಚ್ಚಿದ ಬಟ್ಟೆಯನ್ನು ಕದಿರಿಗೆ ಸುತ್ತಿ, ಉದ್ದಕ್ಕೆ ಸೀಳಿ, ಚಪ್ಪಟೆಯಾಗಿ ಒತ್ತಿ ಹಾಳೆ ಮಾಡಿದರು. 1913ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಅದು ಸಿಕ್ಕಿದ್ದು 1918ರಲ್ಲಿ. ಮೈಕಾ (ಅಭ್ರಕ) ಬದಲಿಗೆ ಬಳಸುವ ವಸ್ತು ಎಂಬರ್ಥದಲ್ಲೇ ಆ ಹಾಳೆಗೆ ಫಾರ್ಮೈಕಾ ಎಂಬ ಹೆಸರು ಬಂತು.

ಮೊದಲ ತಟ್ಟೆ ಪದರ ಬಿಟ್ಟಿದ್ದೇಕೆ? ಗಾಜಿನ ನಾರು ಮಾಮೂಲಿ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್‌ನ ಬಾಯನ್ನು ಕೆಲವೇ ರಂಧ್ರಗಳಲ್ಲಿ ಸವೆಸಿಬಿಡುತ್ತದೆ. ಮೊಂಡಾದ ಬಿಟ್ ಕೊನೆಯ ಪದರಗಳನ್ನು ಕತ್ತರಿಸುವ ಬದಲು ಕೆಳಕ್ಕೆ ತಳ್ಳುತ್ತದೆ. ಅಡಿಯಲ್ಲಿ ಆಸರೆ ಇಲ್ಲದಿದ್ದರೆ ಅವು ಬಿಟ್ಟುಕೊಳ್ಳುತ್ತವೆ. ಬೆಳಕಿಗೆ ಹಿಡಿದರೆ ರಂಧ್ರದ ಸುತ್ತ ಬಿಳಿ ಉಂಗುರ ಕಾಣುತ್ತದೆ. ನಾಣ್ಯದಿಂದ ತಟ್ಟಿದರೆ ಗಟ್ಟಿ ಜಾಗ ಟಣ್ ಅನ್ನುತ್ತದೆ, ಬಿಟ್ಟ ಜಾಗ ಟಪ್ ಅನ್ನುತ್ತದೆ. ಈ ಸಲ ಕಾರ್ಬೈಡ್ ಬಿಟ್ ಹಾಕಿ, ಅಡಿಗೆ 12 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಇಟ್ಟು ಕ್ಲಾಂಪ್ ಬಿಗಿದು, ಮೊದಲು 3, ಆಮೇಲೆ 4.2 ಮಿ.ಮೀ. ಕೊರೆದದ್ದು. ಕೊನೆಯ ಅರ್ಧ ಮಿಲಿಮೀಟರಿನಲ್ಲಿ ಕೈಭಾರ ಪೂರ್ತಿ ಇಳಿಸಬೇಕು. ನಾಲ್ಕೂ ರಂಧ್ರ ಸ್ವಚ್ಛವಾಗಿ ಬಂದಿವೆ.

ಧೂಳಿನ ವಿಷಯದಲ್ಲಿ ಸಲಿಗೆ ಬೇಡ. ಎನ್95 ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬೇಕೇ ಬೇಕು. ಹ್ಯಾಕ್ಸಾ ಹಾಕುವಾಗ ಗೆರೆಯ ಮೇಲೆ ನೀರು ಚಿಮುಕಿಸುತ್ತಿರಬೇಕು. ಬಿದ್ದ ಪುಡಿಯನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ಸನ್‌ಮೈಕಾ ಗಂಡಿಯ ಮೂಲೆಗಳನ್ನು ಚೌಕವಾಗಿ ಬಿಡಬಾರದು. ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಹಾಳೆ ಆ ಮೂಲೆಯಿಂದಲೇ ಸೀಳುತ್ತದೆ. ಮೊದಲು ನಾಲ್ಕು ಮೂಲೆಗೂ 6 ಮಿ.ಮೀ. ರಂಧ್ರ, ಆಮೇಲೆ ಜಿಗ್‌ಸಾ. ಹಲ್ಲು ಕೆಳಮುಖವಾಗಿರುವ ಬ್ಲೇಡ್ ಹಾಕಿದರೆ ಮೇಲ್ಮೈ ಚಕ್ಕೆ ಏಳುವುದಿಲ್ಲ. ಸಾಕೆಟ್ ಫ್ರೇಮಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಕೈಯಲ್ಲಿರುವುದನ್ನೇ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಗೆರೆ ಹಾಕಬೇಕು.

ವೈರಿಂಗಿಗೆ 1.5 ಚದರ ಮಿ.ಮೀ. ಮೂರು ಕೋರ್ ಫ್ಲೆಕ್ಸಿಬಲ್ ಕೇಬಲ್. ಎಳೆಗಳ ತುದಿಗೆ ಲಗ್ (ಲೋಹದ ಪುಟ್ಟ ತೊಡಿಕೆ) ಒತ್ತಬೇಕು. ಬೆಸುಗೆ ಹಾಕಿದರೆ ಸ್ಕ್ರೂ ಅಡಿಯ ಸೀಸ ನಿಧಾನವಾಗಿ ಹರಡಿ ಹಿಡಿತ ಸಡಿಲವಾಗುತ್ತದೆ, ಅಲ್ಲೇ ಬಿಸಿಯಾಗುತ್ತದೆ. ತಟ್ಟೆಗೆ ಅರ್ಥಿಂಗ್ ಬೇಕಿಲ್ಲ. ಕೆಳಗಿನ ಕಬ್ಬಿಣದ ಬಾಕ್ಸಿಗೆ ಬೇಕೇ ಬೇಕು. ಎರಡು ಸಾಕೆಟ್ ಇದ್ದರೂ ಎಲ್ಲವೂ ಒಂದೇ 6 ಆಂಪ್ ಪ್ಲಗ್‌ನಿಂದ ಬರುವುದರಿಂದ 230 ವೋಲ್ಟಿಗೆ ಒಟ್ಟು 1380 ವ್ಯಾಟ್ ಮಿತಿ. ಲ್ಯಾಪ್‌ಟಾಪ್, ಮಾನಿಟರ್, ದೀಪಕ್ಕೆ ಧಾರಾಳ, ಕೆಟಲ್ ಬೇಡ.

ಪ್ಲಗ್ ಗೋಡೆಗೆ ಹಾಕುವ ಮೊದಲು ಅರ್ಥ್ ಪಿನ್ನಿನಿಂದ ಬಾಕ್ಸಿಗೆ ಮಲ್ಟಿಮೀಟರ್ ಹಿಡಿದಾಗ 1 ಓಮ್‌ಗಿಂತ ಕಡಿಮೆ ತೋರಿಸಬೇಕು.

ಬಾಕಿ ಇರುವುದು ಅಂಚಿನ ಕೆಲಸ. ಕತ್ತರಿಸಿದ ಅಂಚಿನಲ್ಲಿ ಗಾಜಿನ ನಾರಿನ ತುದಿಗಳು ತೆರೆದಿರುತ್ತವೆ. ಚೆಲ್ಲಿದ ಚಹಾ ಬತ್ತಿಯಂತೆ ಒಳಗೆ ಏರುತ್ತದೆ. 320 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ, ತೆಳ್ಳಗೆ ಎಪಾಕ್ಸಿಯ ಒಂದು ಕೋಟ್ ಹಚ್ಚಿದ್ದಾಗಿದೆ. 24 ಗಂಟೆ ಒಣಗಿದ ಮೇಲೆ ಎರಡನೇ ಕೋಟ್, ನಂತರ ರಬ್ಬರ್ ಪಟ್ಟಿಯ ಮುಚ್ಚಳ.