ಭೂವಿಜ್ಞಾನ ಸ್ನಾತಕೋತ್ತರ: ಕಲ್ಲು ಚೀಲಕ್ಕೆ ಬೀಳುವ ಮುಂಚೆ

ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಓದಲು ಹೊರಟವರು ಮೊದಲು ವಿಚಾರಿಸುವುದು ವಿಭಾಗದಲ್ಲಿ ಯಾವ ಯಂತ್ರಗಳಿವೆ ಎಂದು. ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಬೇರೆ: ಕ್ಷೇತ್ರಕಾರ್ಯಕ್ಕೆ ಎಷ್ಟು ದಿನ ಸಿಗುತ್ತದೆ, ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಉಜ್ಜಿದ ಕಲ್ಲಿನ ಹಾಳೆ) ಮಾಡುವ ಕೋಣೆ ನಿಜವಾಗಿಯೂ ನಡೆಯುತ್ತಿದೆಯೇ. ಯಂತ್ರವನ್ನು ಬೇರೆ ಕಡೆ ಹೋಗಿ ಬಳಸಬಹುದು. ತಪ್ಪಾಗಿ ಆರಿಸಿ ತಂದ ಕಲ್ಲನ್ನು ಯಾವ ಯಂತ್ರವೂ ಸರಿಮಾಡದು.

‘ಇಂಥ ಪ್ರದೇಶದ ಭೂವಿಜ್ಞಾನ’ ಎಂಬುದು ಪ್ರಬಂಧದ ವಿಷಯವಲ್ಲ. ‘ಈ ಗ್ರಾನೈಟು ಪಕ್ಕದ ನೈಸ್ ಎಂಬ ಪಟ್ಟೆಪಟ್ಟೆ ಶಿಲೆಯೊಳಗೆ ನುಗ್ಗಿ ಬಂದದ್ದೇ, ಇಲ್ಲವೇ ಎರಡರ ನಡುವೆ ಇರುವುದು ಶಿಲೆ ಬಿರಿದು ಸರಿದ ಸ್ತರಭಂಗವೇ’ ಎಂಬುದು ವಿಷಯ. ಎಲ್ಲಿ ನಿಂತು ಏನು ನೋಡಬೇಕೆಂದು ಪ್ರಶ್ನೆಯೇ ಹೇಳಿಬಿಡುತ್ತದೆ. ನುಗ್ಗಿ ಬಂದಿದ್ದರೆ ಗ್ರಾನೈಟಿನ ಎಳೆಗಳು ನೈಸ್ ಒಳಗೆ ಹರಿದಿರುತ್ತವೆ, ನೈಸ್ ತುಣುಕುಗಳು ಗ್ರಾನೈಟಿನಲ್ಲಿ ಸಿಕ್ಕಿಕೊಂಡಿರುತ್ತವೆ. ಸ್ತರಭಂಗವಾದರೆ ಅಂಚಿನಲ್ಲಿ ನುಚ್ಚಾದ ಕಲ್ಲು, ಗೀರು ಬಿದ್ದ ನುಣುಪು ಮೈ ಕಾಣಬಹುದು.

ಬ್ರಂಟನ್ ದಿಕ್ಸೂಚಿಯಲ್ಲಿ ಆ ಜಾಗದ ಕಾಂತೀಯ ದಿಕ್ಪಾತವನ್ನು (ಮುಳ್ಳು ತೋರುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಿನ ಕೋನ) ಹೊಂದಿಸದೆ ಹೊರಟರೆ ಇಡೀ ನಕ್ಷೆಯ ಅಳತೆಗಳು ಒಂದೇ ಕೋನದಷ್ಟು ತಿರುಗಿರುತ್ತವೆ. ಸೊಂಟದ ಸುತ್ತಿಗೆಯೂ ಮ್ಯಾಗ್ನೆಟೈಟ್ ಹೆಚ್ಚಿರುವ ಬಂಡೆಯೂ ಮುಳ್ಳನ್ನು ಎಳೆಯುತ್ತವೆ. ಅನುಮಾನ ಬಂದರೆ ಬಂಡೆಯಿಂದ ದೂರದ ಗುರುತೊಂದರ ದಿಕ್ಕು ನೋಡಿ, ಆ ಗುರುತಿನಿಂದ ಹಿಂದಿರುಗಿ ನೋಡಿ. ಎರಡರ ವ್ಯತ್ಯಾಸ 180 ಡಿಗ್ರಿ ಬರದಿದ್ದರೆ ಒಂದು ಕಡೆ ಮುಳ್ಳು ಮೋಸ ಮಾಡಿದೆ. ಸ್ಟ್ರೈಕ್ (ಪದರ ಚಾಚಿದ ಸಮತಲ ದಿಕ್ಕು), ಡಿಪ್ (ಪದರ ಕೆಳಗೆ ಇಳಿದ ಕೋನ) ಬರೆಯುವಾಗ ಬಲಗೈ ನಿಯಮದಂತೆ, ಅಂದರೆ ಸ್ಟ್ರೈಕ್ ಕಡೆ ಮುಖ ಮಾಡಿದರೆ ಇಳಿಜಾರು ಬಲಕ್ಕೆ ಬರುವಂತೆ, 040/35 ಎಂದು ಬರೆದು, ಪಕ್ಕದಲ್ಲಿ ಇಳಿಜಾರಿನ ದಿಕ್ಕು ‘ಆಗ್ನೇಯ’ ಎಂದೂ ಸೇರಿಸಿ. ಆ ಒಂದು ಪದ ತಲೆಕೆಳಗಾದ ಅಳತೆಯನ್ನು ಹಿಡಿದುಕೊಡುತ್ತದೆ.

ರಾಸಾಯನಿಕ ವಿಶ್ಲೇಷಣೆಗಾದರೆ ನುಣ್ಣನೆಯ ಬಸಾಲ್ಟು ಒಂದು ಕಿಲೋ ಸಾಕು. ಹೆಬ್ಬೆರಳಿನಷ್ಟು ದಪ್ಪ ಫೆಲ್ಡ್‌ಸ್ಪಾರ್ ಇರುವ ಗ್ರಾನೈಟಾದರೆ ಹತ್ತು ಕಿಲೋ ತಂದರೂ ಹೆಚ್ಚಲ್ಲ. ಎರಡು ಹರಳು ಹೆಚ್ಚು ಬಿದ್ದರೆ ಪೊಟ್ಯಾಸಿಯಂ ಅಂಕಿಯೇ ಬದಲಾಗುತ್ತದೆ. ಶಿಥಿಲವಾದ ಸಿಪ್ಪೆಯನ್ನು ಅಲ್ಲೇ ಒಡೆದು ಬಿಸಾಡಿ, ಸಂಖ್ಯೆಯನ್ನು ಕಲ್ಲಿನ ಮೇಲೂ ಚೀಲದ ಮೇಲೂ ಬರೆಯಿರಿ. ಚೀಲದೊಳಗಿನ ಕಾಗದದ ಚೀಟಿ ಒದ್ದೆಯಾಗಿ ಕರಗುತ್ತದೆ.

ಪುಡಿ ಮಾಡುವ ಪಾತ್ರೆಯೂ ಮಾದರಿಗೆ ತನ್ನ ಪಾಲು ಸೇರಿಸುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆ ಟಂಗ್‌ಸ್ಟನ್, ಕೋಬಾಲ್ಟ್ ಬಿಡುತ್ತದೆ. ಉಕ್ಕಿನದು ಕಬ್ಬಿಣ, ಕ್ರೋಮಿಯಂ. ಅಗೇಟ್ ಎಂಬ ಗಟ್ಟಿ ಕಲ್ಲಿನದು ನಿಧಾನ, ಆದರೆ ಅತ್ಯಲ್ಪ ಪ್ರಮಾಣದಲ್ಲಿರುವ ಜಾಡಿನ ಧಾತುಗಳ ಮಟ್ಟಿಗೆ ಶುದ್ಧ. ಯಾವುದರಲ್ಲಿ ಪುಡಿ ಮಾಡಿದಿರೆಂದು ಬರೆದಿಡದಿದ್ದರೆ ಕೋಬಾಲ್ಟ್ ಅಂಕಿ ನೋಡಿ ಕಥೆ ಕಟ್ಟುವಿರಿ.

ಥಿನ್ ಸೆಕ್ಷನ್ ದಪ್ಪ 30 ಮೈಕ್ರೋಮೀಟರ್. ಅದಕ್ಕೆ ಅಳತೆಗೋಲು ಕ್ವಾರ್ಟ್ಸ್: ಸೂಕ್ಷ್ಮದರ್ಶಕದ ಅಡ್ಡ ಧ್ರುವಕಗಳ (ಬೆಳಕನ್ನು ಒಂದೇ ದಿಕ್ಕಿಗೆ ಸೋಸುವ, ಪರಸ್ಪರ ಅಡ್ಡವಾಗಿಟ್ಟ ಎರಡು ಸೋಸಕ) ನಡುವೆ ಬೂದು, ಬಿಳಿ ಕಾಣಬೇಕು. ಹಳದಿಗೆ ತಿರುಗಿದ್ದರೆ ಇನ್ನೂ ಉಜ್ಜಬೇಕು. ಇಲ್ಲದಿದ್ದರೆ ಉಳಿದ ಖನಿಜಗಳ ಬಣ್ಣವೂ ಮೇಲಿನ ಶ್ರೇಣಿಗೆ ಜಾರಿ ಗುರುತು ತಪ್ಪುತ್ತದೆ. ಕಲ್ಲುಪ್ಪು ನೀರಿನಲ್ಲಿ ಕರಗುತ್ತದೆ, ಅದನ್ನು ಎಣ್ಣೆಯಲ್ಲೇ ಕೊಯ್ಯಬೇಕು.

ಶಿಲೆಯ ವಯಸ್ಸು ಬೇಕೆಂದವರು ಜಿರ್ಕಾನ್ ಎಂಬ ಪುಟ್ಟ ಖನಿಜ ಹರಳಿನ ಹಿಂದೆ ಬೀಳುತ್ತಾರೆ. ಗ್ರಾನೈಟಿನಲ್ಲಿ ಅದು ಸುಲಭವಾಗಿ ಸಿಗುತ್ತದೆ, ಬಸಾಲ್ಟಿನಲ್ಲಿ ವಿರಳ. ಹಳೆಯ ಶಿಲೆ ಕರಗಿ ಹುಟ್ಟಿದ ಗ್ರಾನೈಟಿನಲ್ಲಿ ಹರಳಿನ ನಡುವೆ ಅಜ್ಜನ ಕಾಲದ ತಿರುಳು ಉಳಿದಿರಬಹುದು. ವಯಸ್ಸು ಅಳೆಯುವ ಲೇಸರ್ ಅಲ್ಲಿಗೆ ಬಿದ್ದರೆ ಬರುವ ವಯಸ್ಸು ಗ್ರಾನೈಟಿನದಲ್ಲ. ಆದ್ದರಿಂದ ಮೊದಲು ಕ್ಯಾಥೋಡೊಲ್ಯುಮಿನೆಸೆನ್ಸ್ ಚಿತ್ರ (ಎಲೆಕ್ಟ್ರಾನ್ ಬಿದ್ದಾಗ ಹರಳು ಹೊಮ್ಮಿಸುವ ಬೆಳಕಿನ ಚಿತ್ರ) ತೆಗೆಸಿ, ತಿರುಳು ಯಾವುದು ಅಂಚು ಯಾವುದು ಎಂದು ಬಿಡಿಸಿಕೊಂಡೇ ಚುಕ್ಕೆ ಇಡಿ.

ಅಂಕಿಗಳು ಬಂದ ಮೇಲೂ ಒಂದು ಗುಂಡಿ ಇದೆ. ಕೆಲವರು ಒಟ್ಟು ಕಬ್ಬಿಣವನ್ನು ಫೆರಸ್ ಆಕ್ಸೈಡ್ (FeO) ಎಂದು ಕೊಡುತ್ತಾರೆ, ಕೆಲವರು ಫೆರಿಕ್ ಆಕ್ಸೈಡ್ (Fe₂O₃) ಎಂದು. ಫೆರಿಕ್ ಅಂಕಿಯನ್ನು 0.8998ರಿಂದ ಗುಣಿಸಿದರೆ ಫೆರಸ್ ಬರುತ್ತದೆ. ಗುಣಿಸದೆ ಎರಡನ್ನೂ ಒಂದೇ ಚಿತ್ರದಲ್ಲಿ ಗುರುತಿಸಿದರೆ ಇಲ್ಲದ ಎರಡು ಗುಂಪುಗಳು ಹುಟ್ಟಿಕೊಳ್ಳುತ್ತವೆ. ಪರೀಕ್ಷಕರು ಕಲ್ಲು ತೋರಿಸಿ ಎಂದಾಗ ತೋರಿಸಲು ಪ್ರತಿ ಮಾದರಿಯ ಒಂದು ತುಂಡನ್ನಾದರೂ ಪುಡಿ ಮಾಡದೆ ಎತ್ತಿಟ್ಟಿರಿ.